ಕಿಜ್ಜಿ ಕೇಳಿದ ಬಿಳಿ ಕೌದಿ

ರೂಕ್‌ಹೋಪ್
ಸೋಮವಾರ, 19 ಅಕ್ಟೋಬರ್ 1931

ಕಿಜ್ಜಿ, ನನ್ನ ಕೂಸೇ,

ನಿನ್ನನ್ನು ಆ ಸ್ಯಾನಟೋರಿಯಮ್ಮಿನ ಬಾಗಿಲಲ್ಲಿ ಬಿಟ್ಟು ಬಂದ ಮೇಲೆ ಇದೇ ಮೊದಲ ಕಾಗದ. ಮುಂಚೆಯೇ ಬರೆಯಬೇಕಿತ್ತು. ಕೂತರೆ ಏನು ಬರೆಯುವುದೆಂದು ತೋಚದೆ ಎದ್ದು ಹೋಗಿ ಕೋಳಿಗಳಿಗೆ ಕಾಳು ಹಾಕಿ ಬರುತ್ತಿದ್ದೆ. ಕೋಳಿಗಳು ದಪ್ಪಗಾಗಿವೆ.

ನೀನು ಕೆಲಸಕ್ಕಿದ್ದ ನ್ಯೂಕ್ಯಾಸಲ್ಲಿನ ಮನೆಯವರು ನಿನ್ನ ಪೆಟ್ಟಿಗೆಯನ್ನು ರೈಲಿನಲ್ಲಿ ಕಳಿಸಿದರು. ಒಳಗೆ ಎಲ್ಲ ಸರಿಯಾಗಿದೆ. ನಿನ್ನ ಏಪ್ರನ್ನುಗಳನ್ನು ಒಗೆದು, ಗಂಜಿ ಹಾಕಿ ಮಡಿಚಿಟ್ಟಿದ್ದೇನೆ. ವಸಂತಕ್ಕೆ ಬೇಕಾಗುತ್ತದಲ್ಲ. ಅವರು ಬೇರೆ ಹುಡುಗಿಯನ್ನು ಇಟ್ಟುಕೊಂಡಿದ್ದರೆ ಇಟ್ಟುಕೊಳ್ಳಲಿ, ಮನೆಗಳೇನು ಒಂದೇ ಇಲ್ಲ.

ಚಾಪೆಲ್‌ನಲ್ಲಿ ಬುಧವಾರದ ಪ್ರಾರ್ಥನೆಗೆ ನಿನ್ನ ಹೆಸರು ಹಿಡಿದು ಬೇಡುತ್ತಾರೆ. ನಾನು ತಲೆ ಬಗ್ಗಿಸಿ ಕೂತಿರುತ್ತೇನೆ. ಅಷ್ಟು ಜನ ಒಟ್ಟಿಗೆ ಒಂದೇ ಹೆಸರು ಹೇಳಿದರೆ ಮೇಲಿರುವವನಿಗೆ ಕೇಳಿಸದೆ ಇರುತ್ತದೆಯೇ. ನೀನು ಅಲ್ಲಿ ಕೊಟ್ಟ ಹಾಲು ಕುಡಿ. ಕೆನೆ ಇದೆ ಎಂದು ಮುಖ ತಿರುಗಿಸಬೇಡ. ಮೊದಲ ಎರಡು ತಿಂಗಳು ಮನೆಯವರನ್ನು ಒಳಗೆ ಬಿಡುವುದಿಲ್ಲವಂತೆ, ಆಮೇಲೆ ತಿಂಗಳ ಮೊದಲ ಶನಿವಾರ ಮಾತ್ರವಂತೆ. ಡಿಸೆಂಬರಿನ ಮೊದಲ ಶನಿವಾರ ಬೆಳಗಿನ ಬಸ್ಸಿಗೇ ಬರುತ್ತೇನೆ.

ನಿನ್ನ ಅಮ್ಮ,
ಡೆಬೋರಾ ಪಿಯರ್ಟ್

(ಮಗಳಿಗೆ ಪೂರ್ತಿ ಹೆಸರು ಯಾಕೆ ಬರೆದೆನೋ. ಅಲ್ಲಿ ಬೇರೆ ಯಾರಾದರೂ ಒಡೆದು ಓದಿದರೆ ಯಾರ ಕೂಸು ಎಂದು ತಿಳಿಯಲಿ ಎಂದು.)


ಸ್ಯಾನಟೋರಿಯಂ, ಹೆಂಗಸರ ವರಾಂಡ
27 ಅಕ್ಟೋಬರ್ 1931

ಅಮ್ಮಾ,

ಕಾಗದ ಒಡೆಯುವವರು ಯಾರೂ ಇಲ್ಲ, ಹೆದರಬೇಡ. ಓದಿ ಹೇಳು ಎಂದು ಪೀಡಿಸುವವಳು ಒಬ್ಬಳಿದ್ದಾಳೆ. ಪಕ್ಕದ ಮಂಚದ ವಿನ್ನಿ. ಕೆಳಗಿನ ಕಲ್ಲಿದ್ದಲ ಊರಿನವಳು, ನಮ್ಮ ಕಣಿವೆಯವರನ್ನು ಕುರಿಗಳು ಎನ್ನುತ್ತಾಳೆ. ಕೋಳಿಗಳ ಸುದ್ದಿ ಕೇಳಿ ಅವಳಿಗೆ ಎಷ್ಟು ನಗು ಬಂತೆಂದರೆ ಕೆಮ್ಮು ಹತ್ತಿ, ದೊಡ್ಡ ನರ್ಸ್ ಬಂದು ಇಬ್ಬರಿಗೂ ಬೈದರು.

ಇಲ್ಲಿ ವಾರಕ್ಕೊಮ್ಮೆ ನಮ್ಮನ್ನು ತೂಗುತ್ತಾರೆ, ನವೆಂಬರಿನಲ್ಲಿ ಕಡಿಯುವ ಹಂದಿಯ ಹಾಗೆ. ನಾನು ಸ್ವಲ್ಪ ಏರಿದ್ದೇನೆ. ವರಾಂಡಕ್ಕೆ ಮೂರೇ ಗೋಡೆ. ನಾಲ್ಕನೆಯ ಕಡೆ ಬರೀ ಗಾಳಿ. ಆ ಗಾಳಿಯೇ ಔಷಧಿಯಂತೆ. ಬೆಳಗ್ಗೆ ಕಂಬಳಿಯ ಮೇಲೆ ಇಬ್ಬನಿ ಗಟ್ಟಿಯಾಗಿ ಕೂತಿರುತ್ತದೆ. ಚಳಿಯನ್ನಾದರೂ ತಡೆಯಬಹುದು, ಮಧ್ಯಾಹ್ನದ ವಿಶ್ರಾಂತಿಯನ್ನು ತಡೆಯುವುದು ಕಷ್ಟ. ಆಗ ಓದುವ ಹಾಗಿಲ್ಲ, ಮಾತಾಡುವ ಹಾಗಿಲ್ಲ, ಹೆಣೆಯುವ ಹಾಗಿಲ್ಲ. ಅಂಗಾತ ಮಲಗಿ ಸೂರು ನೋಡಬೇಕು.

ಒಂದು ಕೇಳಲಾ? ನಮ್ಮ ಬಿಳಿ ಕೌದಿ ಕಳಿಸಿಕೊಡು. ನಿನ್ನ ಅಜ್ಜಿ ಹೊಲಿದದ್ದು, ಅಟ್ಟದ ಪೆಟ್ಟಿಗೆಯಲ್ಲಿರುವುದು. ಬೇರೆ ಯಾವುದೂ ಬೇಡ, ಅದೇ ಬೇಕು. ಯಾಕೆ ಅಂತ ನಿನಗೆ ಗೊತ್ತಲ್ಲ.

ನಿನ್ನ
ಕಿಜ್ಜಿ


ರೂಕ್‌ಹೋಪ್
31 ಅಕ್ಟೋಬರ್ 1931

ಕೆಜಾಯ,

ನಿನ್ನ ಕಾಗದ ಬಂತು. ಇದರ ಜೊತೆ ಪಟ್ಟೆಪಟ್ಟೆಯ ದಪ್ಪ ಕೌದಿ ಕಳಿಸುತ್ತಿದ್ದೇನೆ, ಕೆಂಪು ಮತ್ತು ನೀಲಿಯದು. ಬಿಳಿಯದಕ್ಕಿಂತ ಇದೇ ಬೆಚ್ಚಗಿರುತ್ತದೆ. ಇದರಲ್ಲಿ ಉಣ್ಣೆ ಹೆಚ್ಚು.

ಬಿಳಿಯದು ಮನೆಯಲ್ಲಿಲ್ಲ. ನಿನ್ನ ಫೀಬಿ ದೊಡ್ಡಮ್ಮ ಮಗಳು ಲೆಟ್ಟಿಯ ಹೆರಿಗೆಗೆ ಬೇಕೆಂದು ಆಲೆನ್‌ಡೇಲಿಗೆ ತರಿಸಿಕೊಂಡಿದ್ದಾಳೆ. ಮಗು ಜನವರಿಗಂತೆ.

ಅಂಥ ಯೋಚನೆಗಳನ್ನು ಮನಸ್ಸಿಗೆ ತರಬೇಡ. ತೂಕ ಏರುತ್ತಿರುವವರು ಅಂಥದ್ದು ಕೇಳುವುದಿಲ್ಲ. ಹಾಲು ಕುಡಿ, ದೇವರನ್ನು ನೆನೆ. ನಾನು ಚೆನ್ನಾಗಿದ್ದೇನೆ.

ನಿನ್ನ ಅಮ್ಮ


ಸ್ಯಾನಟೋರಿಯಂ
12 ನವೆಂಬರ್ 1931

ಅಮ್ಮಾ,

ಪಟ್ಟೆ ಕೌದಿ ಬಂತು. ವಿನ್ನಿ ಅದನ್ನು ನೋಡಿ, "ಇದೇನೇ, ಸರ್ಕಸ್ ಡೇರೆ ಹೊದ್ಕೊಂಡಿದ್ದೀಯ" ಎಂದಳು. ಆಮೇಲೆ ನಾನು ನಿದ್ದೆ ಮಾಡುವಾಗ ಅರ್ಧ ತನ್ನ ಕಡೆಗೆ ಎಳೆದುಕೊಂಡಿದ್ದಳು.

ಕಾಗದದಲ್ಲಿ ಕಿಜ್ಜಿ ಎನ್ನದೆ ಕೆಜಾಯ ಎಂದು ಪೂರ್ತಿ ಹೆಸರು ಬರೆದಿದ್ದೀಯ, ನೀನು ಯಾಕೋ ಸಿಟ್ಟಾದ ಹಾಗಿದೆ. ನಾನೇನು ತಪ್ಪು ಕೇಳಿದೆ ತಿಳಿಯಲಿಲ್ಲ. ಹೋಗಲಿ ಬಿಡು. ಬಿಳಿಯದು ಲೆಟ್ಟಿಗೆ ಹೋಗಿದ್ದರೆ ಒಳ್ಳೆಯದೇ ಆಯಿತು, ಹೆರಿಗೆಗೆ ಅದನ್ನು ಹಾಸುವುದು ನಮ್ಮಲ್ಲಿ ಮೊದಲಿನಿಂದ ಇದ್ದದ್ದಲ್ಲವಾ. ನನಗಿಂತ ಅವಳಿಗೆ ಮೊದಲು ಬೇಕು. ದೊಡ್ಡಮ್ಮನಿಗೆ ನಾನೇ ಬರೆದಿದ್ದೇನೆ: ಲೆಟ್ಟಿಯ ಕೆಲಸ ಮುಗಿದ ಮೇಲೆ ಒಗೆದು ನನಗೆ ಕಳಿಸಿ ಅಂತ.

ಈ ವಾರ ತೂಕ ಇದ್ದಲ್ಲೇ ಇದೆ.

ಕಿಜ್ಜಿ


ಆಲೆನ್‌ಡೇಲ್
20 ನವೆಂಬರ್ 1931

ಡೆಬ್,

ಇದೇನು ನಿನ್ನ ಆಟ? ನಿನ್ನ ಮಗಳು ನನಗೆ ಕಾಗದ ಬರೆದಿದ್ದಾಳೆ. ಲೆಟ್ಟಿಗೆ ಬಿಳಿ ಕೌದಿ ಕೊಟ್ಟದ್ದು ಸಂತೋಷವಂತೆ, ಅವಳು ಆರಾಮಾಗಿ ಹೆರಲಂತೆ, ಆಮೇಲೆ ತನಗೆ ಕಳಿಸಬೇಕಂತೆ. ನಾನು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ. ಯಾವ ಕೌದಿ? ಇಲ್ಲಿಗೆ ಯಾರು ಕಳಿಸಿದರು? ಮಧ್ಯೆ ಬೆಟ್ಟದ ಮೇಲೆ ಕುರಿ ತಿಂದಿತೇ?

ಲೆಟ್ಟಿಗಂತೂ ಅದು ಬೇಡ. ಪೇಟೆಯಿಂದ ಗುಲಾಬಿ ಸ್ಯಾಟಿನ್ನಿನದು ತಂದಿಟ್ಟುಕೊಂಡಿದ್ದಾಳೆ, ಮುಟ್ಟಿದರೆ ಜಾರಿ ನೆಲಕ್ಕೆ ಬೀಳುತ್ತದೆ. ಹಳೆಯದು ಸಪ್ಪೆಯಂತೆ, ಬಿಳಿ ಮೇಲೆ ಬಿಳಿ, ಏನೂ ಕಾಣುವುದಿಲ್ಲವಂತೆ. ಈಗಿನವರು.

ನೀನು ಹುಟ್ಟಿದಾಗಿನಿಂದ ನಾನು ನೋಡುತ್ತಿದ್ದೇನೆ, ನಿನ್ನ ಬಾಯಲ್ಲಿ ಸುಳ್ಳು ಬಂದದ್ದಿಲ್ಲ. ಚಾಪೆಲ್‌ನಲ್ಲಿ ನಿನ್ನ ಮುಂದೆ ಕೂರುವುದಕ್ಕೇ ನನಗೆ ಬೆನ್ನು ಬಿಸಿಯಾಗುತ್ತಿತ್ತು. ಈಗ ಕಾಯಿಲೆ ಬಿದ್ದ ಕೂಸಿನ ಹತ್ತಿರ ಇದೇನು? ಕೂಡಲೇ ಬರೆ.

ಫೀಬಿ


ರೂಕ್‌ಹೋಪ್
25 ನವೆಂಬರ್ 1931

ಅಕ್ಕಾ,

ಕೌದಿ ಅಟ್ಟದಲ್ಲೇ ಇದೆ. ನಾನು ಸುಳ್ಳು ಹೇಳಿದೆ. ಆ ಬಾಯಲ್ಲಿ ಪ್ರಭುಭೋಜನದ ರೊಟ್ಟಿ ತಿನ್ನಲಾರದೆ ಭಾನುವಾರ ಹೊರಗೇ ನಿಂತೆ. ಪಾದ್ರಿ ಕೇಳಿದಾಗ ಹೊಟ್ಟೆನೋವು ಎಂದೆ. ಅದೂ ಸುಳ್ಳೇ.

ನೀನು ಮದುವೆಯಾಗಿ ಬೆಟ್ಟದಾಚೆ ಹೋದವಳು, ನಿನಗೆ ಅದು ಬರೀ ಕೌದಿ. ಇಲ್ಲಿ ಅದನ್ನು ಹಾಸಿದ್ದು, ತೆಗೆದದ್ದು, ಒಗೆದದ್ದು ಎಲ್ಲ ನನ್ನ ಕೈ. ಟೇಮರ್ ಅಜ್ಜಿ ಮದುವೆಗೆಂದು ಅದನ್ನು ಹೊಲಿದ ಕಥೆ ಅಮ್ಮ ಹೇಳುತ್ತಿದ್ದದ್ದು ನೆನಪಿದೆಯಾ? ಮುಳ್ಳುಬೇಲಿಗೆ ಸಿಕ್ಕ ಉಣ್ಣೆ ಆಯ್ದು, ಹಿಂಜಿ, ಒಳಗೆ ತುಂಬಿದ್ದು. ಹೊಲಿಯುವ ಚೌಕಟ್ಟು ಅಡುಗೆಮನೆ ಪೂರ್ತಿ ತುಂಬಿಕೊಂಡು, ಸೀಸದ ಗಣಿಯಿಂದ ಬಂದ ಅವರಪ್ಪ ಒಲೆಯ ಹತ್ತಿರ ಹೋಗಬೇಕಾದರೆ ಅದರ ಕೆಳಗೆ ಅಂಬೆಗಾಲಿಟ್ಟು ಹೋಗಬೇಕಿತ್ತಂತೆ. "ಮದುವೆ ಇವಳದ್ದು, ಮಂಡಿ ಸವೆಯೋದು ನಂದು" ಅಂತಿದ್ದನಂತೆ. ಒಂದು ತೇಪೆ ಇಲ್ಲ, ಒಂದು ಬಣ್ಣ ಇಲ್ಲ. ಎರಡೂ ಕಡೆ ಬಿಳಿ, ಬಿಳಿ ನೂಲಿನಲ್ಲೇ ಗರಿ, ಗುಲಾಬಿ, ಅಂಚಿಗೆ ಹುರಿಯ ಚಿತ್ತಾರ.

ಅದು ಹೊರಗೆ ಬರುವುದು ಮೂರು ಕಾರಣಕ್ಕೆ. ಕೂಸು ಹುಟ್ಟಿದಾಗ, ಡಾಕ್ಟರು ಮನೆಗೆ ಬಂದಾಗ. ಮೂರನೆಯದನ್ನು ನಮ್ಮ ಮನೆಯಲ್ಲಿ ಬಾಯಿಬಿಟ್ಟು ಹೇಳಿದವರಿಲ್ಲ. ಅಮ್ಮ ಸತ್ತಾಗ ಮುಖ ನೋಡಲು ಬಂದವರು, "ಏನು ಚೆಂದ ಮಲಗಿಸಿದ್ದೀಯ ಡೆಬೋರಾ" ಎಂದದ್ದು ಆ ಕೌದಿಯನ್ನು ನೋಡಿ. ಅದಕ್ಕೂ ಮುಂಚೆ ನನ್ನ ಜೋಸೆಫ್. ಮೂರು ವರ್ಷದ ಕೂಸಿಗೆ ಅಷ್ಟು ದೊಡ್ಡ ಕೌದಿ. ಎಷ್ಟು ಮಡಿಚಿದರೂ ಮಂಚದಿಂದ ಕೆಳಗೆ ಇಳಿಯುತ್ತಿತ್ತು. ಅವರಪ್ಪ ಫ್ರಾನ್ಸಿನ ಯುದ್ಧದಲ್ಲಿ ಸತ್ತು ಅಲ್ಲೇ ಮಣ್ಣಾದ ವರ್ಷ ಅದು. ಅವರಿಗೆ ಏನು ಹೊದಿಸಿದರೋ ಗೊತ್ತಿಲ್ಲ.

ಈಗ ಕಿಜ್ಜಿ ಬರೆಯುತ್ತಾಳೆ, "ಬಿಳಿಯದನ್ನು ಕಳಿಸು, ಯಾಕೆ ಅಂತ ನಿನಗೆ ಗೊತ್ತಲ್ಲ" ಎಂದು. ನನಗೆ ಗೊತ್ತಾಯಿತು ಅಕ್ಕಾ. ಅವಳು ತಾನೇ ಕೇಳುವಷ್ಟು ತಿಳಿದುಕೊಂಡಿದ್ದಾಳೆ. ನಾನು ಅದನ್ನು ಕಟ್ಟಿ ಅಂಚೆಗೆ ಹಾಕಿದರೆ, "ಹೌದು ಮಗಳೇ, ನಿನ್ನ ಲೆಕ್ಕ ಸರಿ" ಎಂದು ನಾನೇ ಕೈಯಾರೆ ಬರೆದುಕೊಟ್ಟ ಹಾಗೆ. ಪೆಟ್ಟಿಗೆಯ ಮುಚ್ಚಳ ಮುಚ್ಚಿರುವವರೆಗೆ ಅವಳು ಇರುತ್ತಾಳೆ ಅಂತ ನನ್ನ ಮನಸ್ಸು ಹಿಡಿದುಬಿಟ್ಟಿದೆ. ಇದು ದೇವರನ್ನು ನಂಬುವವಳ ಮಾತಲ್ಲ, ಗೊತ್ತು. ಬೈಯಬೇಡ.

ಡೆಬ್


ರೂಕ್‌ಹೋಪ್
7 ಡಿಸೆಂಬರ್ 1931

ಅಕ್ಕಾ,

ಶನಿವಾರ ಹೋಗಿ ಬಂದೆ. ನಿನಗೆ ಹೇಳದಿದ್ದರೆ ಬೇರೆ ಯಾರಿಗೂ ಹೇಳಲಾರೆ.

ಅವಳ ಕೆನ್ನೆ ಕೆಂಪಗಿದೆ. ನೋಡಿದ ಕೂಡಲೇ ಸಂತೋಷವಾಯಿತು. ಆಮೇಲೆ ಆ ಸಾಲಿನಲ್ಲಿ ಮಲಗಿದ ಎಲ್ಲರ ಕೆನ್ನೆಯೂ ಹಾಗೇ ಇರುವುದು ಕಂಡಿತು. ಪಕ್ಕದ ಮಂಚದ ವಿನ್ನಿ ಎಂಬವಳು ನನ್ನನ್ನು ನೋಡುತ್ತಲೇ, "ಕೋಳಿಯಮ್ಮ ಬಂದ್ರಾ? ಮೊಟ್ಟೆ ತಂದ್ರೋ, ಬರೀ ಪ್ರಾರ್ಥನೆ ತಂದ್ರೋ?" ಎಂದಳು.

"ಎರಡೂ ತಂದಿದ್ದೀನಮ್ಮ. ಪ್ರಾರ್ಥನೆ ಬೇಯಿಸೋ ಕೆಲಸ ಇಲ್ಲ, ಅದನ್ನ ಮೊದ್ಲು ತಗೋ" ಎಂದೆ.

ಅವಳು ನಕ್ಕಳು. ಒಳ್ಳೆಯ ಹುಡುಗಿ. ಗೋಡೆಯ ಕಡೆಗೆ ತಿರುಗಿ ಮಲಗಿ, ನಮ್ಮನ್ನು ಮಾತಾಡಲು ಬಿಟ್ಟಳು.

ಕಿಜ್ಜಿ ಮೊದಲು ಕೇಳಿದ್ದೇ ಅದನ್ನು. "ಲೆಟ್ಟಿ ಕೆಲ್ಸ ಮುಗಿದ ಮೇಲೆ ದೊಡ್ಡಮ್ಮ ಕೊಡ್ತಾರಲ್ವಾ? ಅವ್ರು ಒಂದು ಸಾಲೂ ಬರೀಲಿಲ್ಲ."

ಇನ್ನೊಂದು ಸುಳ್ಳು ಕಟ್ಟುವ ಶಕ್ತಿ ನನಗಿರಲಿಲ್ಲ. "ಅದು ಎಲ್ಲೂ ಹೋಗಿಲ್ಲ ಕಣೆ. ಮನೆಲೇ ಇದೆ" ಎಂದೆ.

"ಮತ್ತೆ ಕಾಗ್ದದಲ್ಲಿ ಹಂಗೆ ಬರ್ದಿದ್ದೆ? ನೀನು? ಸುಳ್ಳು ಹೇಳ್ದೆ ಅಂತ ನನ್ ಬಾಯಿಗೆ ಸೋಪು ಹಾಕಿ ತೊಳ್ದೋಳು ನೀನು."

"ನೀನು ಹಂಗೆ ಕೇಳ್ಬಿಟ್ಯಲ್ಲ. ಯಾಕೆ ಅಂತ ನಿನಗೆ ಗೊತ್ತಲ್ಲ ಅಂತ."

"ಗೊತ್ತಿಲ್ವಾ ಮತ್ತೆ?" ಎಂದಳು ಅಕ್ಕಾ, ಕಣ್ಣು ಅರಳಿಸಿಕೊಂಡು. "ನಂಗೆ ಏಳು ವರ್ಷ ಇದ್ದಾಗ ಗಂಟಲು ಕಟ್ಟಿ ಜ್ವರ ಬಂದಿತ್ತಲ್ಲ. ಡಾಕ್ಟ್ರ ಗಾಡಿ ಸದ್ದು ಕೇಳ್ತಿದ್ದಂಗೆ ನೀನು ಅಟ್ಟಕ್ಕೆ ಓಡಿ ಅದನ್ನ ತಂದು ನನ್ ಮೇಲೆ ಹೊದಿಸ್ದೆ. ಅವ್ರು ಬಂದ್ರು, ನೋಡಿದ್ರು, ನಾನು ಎದ್ದೆ. ಅದು ಮೈಮೇಲಿದ್ದಷ್ಟು ದಿನವೂ ನಾನು ಗರಿ ಮೇಲೆ ಬೆರಳು ಓಡಿಸ್ತಿದ್ದೆ, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ. ಕಣ್ಣು ಮುಚ್ಕೊಂಡ್ರೂ ಕಾಣುತ್ತೆ ಅದು. ಇಲ್ಲಿ ವಿಶ್ರಾಂತಿ ಹೊತ್ತಲ್ಲಿ ಬೆರಳು ಆಡಿಸಬಾರ್ದು ಅಂತ ರೂಲ್ಸ್ ಇಲ್ಲ. ಅದು ಬಂದ್ರೆ ಈ ಸಲವೂ ಎದ್ಬಿಡ್ತೀನಿ ಅಂತ ಮಾಡ್ಕೊಂಡಿದ್ದೆ."

ಆಗ ನಾನು ಬಾಯಿ ಮುಚ್ಚಿಕೊಂಡು ಅವಳ ತಲೆ ಸವರಿದ್ದರೆ ಆಗುತ್ತಿತ್ತು. "ಅಯ್ಯೋ ಕೂಸೇ, ಇಷ್ಟೇನಾ" ಎಂದು ನಕ್ಕಿದ್ದರೂ ಆಗುತ್ತಿತ್ತು. ಇಷ್ಟು ದಿನ ಎದೆಯ ಮೇಲೆ ಕೂತಿದ್ದ ಭಾರ ಒಮ್ಮೆಲೇ ಇಳಿದ ಜೋರಿಗೆ ಮಾತು ಹೊರಗೆ ಬಿದ್ದುಹೋಯಿತು. "ನಾನು ಜೋಸೆಫ್‌ನ ನೆನೆಸ್ಕೊಂಡಿದ್ದೆ ಕಣೆ" ಎಂದುಬಿಟ್ಟೆ.

"ಜೋಸೆಫ್‌ನ ಯಾಕೆ?"

ನಾನು ಪಟ್ಟೆ ಕೌದಿಯ ಅಂಚನ್ನು ಹಾಸಿಗೆಯಡಿಗೆ ಸಿಕ್ಕಿಸತೊಡಗಿದೆ.

"ಅವನಿಗೂ ಅದನ್ನೇ ಹೊದಿಸಿದ್ಯಾ? ಡಾಕ್ಟ್ರು ಬಂದಾಗ?"

"ಆಮೇಲೆ" ಎಂದೆ.

ಆ ಒಂದು ಮಾತು ಸಾಕಾಯಿತು ಅಕ್ಕಾ. ಜೋಸೆಫ್ ಹೋದಾಗ ಜ್ವರ ಅಂಟೀತೆಂದು ಅವಳನ್ನು ಆಚೆಮನೆಗೆ ಕಳಿಸಿದ್ದೆವು. ಅಮ್ಮ ಹೋದಾಗ ಅವಳಿಗೆ ನ್ಯೂಕ್ಯಾಸಲ್ಲಿನಿಂದ ರಜೆ ಸಿಗಲಿಲ್ಲ. ಮೂರನೆಯ ಕಾರಣ ಅವಳಿಗೆ ಗೊತ್ತೇ ಇರಲಿಲ್ಲ. ಗೊತ್ತಿದೆ ಎಂದುಕೊಂಡವಳು ನಾನು, ಗೊತ್ತುಮಾಡಿಕೊಟ್ಟವಳೂ ನಾನು.

"ಅಜ್ಜಿಗೂ?" ಎಂದಳು.

"ಅಜ್ಜಿಗೂ."

ಅವಳು ನನ್ನ ಕೈ ಹಿಡಿದುಕೊಂಡಳು. ಆಮೇಲೆ ಕೋಳಿಗಳ ಬಗ್ಗೆ ಕೇಳಿದಳು. ನಾನು ಹೇಳಿದೆ. ಬಂದವರು ಹೊರಡಲು ಘಂಟೆ ಹೊಡೆದರು.

ಬಸ್ಸಿನಲ್ಲಿ ದೇವರ ಹತ್ತಿರ ಏನು ಕೇಳಬೇಕೆಂದೇ ಗೊತ್ತಾಗಲಿಲ್ಲ. ಅವಳು ನಂಬಿಕೊಂಡದ್ದು ಒಂದೇ ಒಂದು, ನಾನು ಅದನ್ನು ಕಿತ್ತುಕೊಂಡು ಬಂದೆ.

ಡೆಬ್


ಆಲೆನ್‌ಡೇಲ್
14 ಡಿಸೆಂಬರ್ 1931

ಡೆಬ್,

ಅಳುವುದು ಸಾಕು. ಅತ್ತು ಕೂತರೆ ಕೌದಿ ತಾನೇ ನಡೆದುಕೊಂಡು ಹೋಗುತ್ತದೆಯೇ? ಅಟ್ಟದಿಂದ ಇಳಿಸು. ಕಟ್ಟು. ಮುಂದಿನ ಸಲ ನೀನೇ ಹೊತ್ತುಕೊಂಡು ಹೋಗು.

ಅದರಲ್ಲಿ ಏನಿದೆ ಹೇಳು? ಬಟ್ಟೆ, ಉಣ್ಣೆ, ನೂಲು. ಅದಕ್ಕೇನು ಗೊತ್ತು ಯಾರ ಮೇಲೆ ಬಿದ್ದಿದ್ದೇನೆ ಅಂತ. ಟೇಮರ್ ಅಜ್ಜಿ ಅಂಚಿನ ಹುರಿಯನ್ನು ಒಂದು ಮೂಲೆಯಲ್ಲಿ ಸೇರಿಸದೆ ಬಿಟ್ಟಿದ್ದಾಳೆ, ಹುರಿ ಕಡಿದ ಮನೆಯಲ್ಲಿ ಆಯುಷ್ಯ ಕಡಿಯುತ್ತದೆ ಅಂತ ಚಿಕ್ಕವಳಿದ್ದಾಗ ನೀನು ಆ ಮೂಲೆಯನ್ನು ಮುಟ್ಟುತ್ತಿರಲಿಲ್ಲ. ಅಜ್ಜಿ ತೊಂಬತ್ತರ ಹತ್ತಿರ ಬದುಕಿದಳು, ಕೊನೆವರೆಗೂ ಅಜ್ಜನಿಗೆ ಬೈದುಕೊಂಡೇ.

ಕೂಸು ಬೆರಳು ಆಡಿಸಲು ಕೇಳಿದೆ. ಕೊಡು. "ಡಾಕ್ಟರಿಗೆ ಅಂತ ತಂದೆ" ಎಂದು ಗಟ್ಟಿಯಾಗಿ ಹೇಳಿ ಹೊದಿಸು. ಹೇಳುವಾಗ ಮುಖ ಸರಿಯಾಗಿಟ್ಟುಕೋ. ನಿನ್ನ ಮುಖ ನಿನ್ನ ಬಾಯಿಗಿಂತ ಜಾಸ್ತಿ ಮಾತಾಡುತ್ತದೆ.

ಇಲ್ಲಿ ಹಂದಿ ಕಡಿದೆವು. ನಿನ್ನ ಪಾಲು ಕುರಿಯವನ ಕೈಯಲ್ಲಿ ಕಳಿಸಿದ್ದೇನೆ. ತಿನ್ನು. ಪ್ರಾರ್ಥನೆ ಮಾಡುವವರಿಗೂ ಹೊಟ್ಟೆ ಇರುತ್ತದೆ.

ಫೀಬಿ


ರೂಕ್‌ಹೋಪ್
4 ಜನವರಿ 1932

ಅಕ್ಕಾ,

ನೀನು ಹೇಳಿದ ಹಾಗೆ ತೆಗೆದುಕೊಂಡು ಹೋದೆ. ಹೊಸ ವರ್ಷದ ಮಾರನೆಯ ದಿನ, ಬಸ್ಸಿನಲ್ಲಿ ನಾನು, ಇನ್ನಿಬ್ಬರು ಮಾತ್ರ. ಹಳೆಯ ಚಾದರದಲ್ಲಿ ಗಂಟು ಕಟ್ಟಿ ಮಡಿಲಲ್ಲಿ ಇಟ್ಟುಕೊಂಡಿದ್ದೆ. ಕೂಸು ಹೊತ್ತು ನಾಮಕರಣಕ್ಕೆ ಹೋಗುವವಳ ಹಾಗೆ. ದಾರಿಯುದ್ದಕ್ಕೂ ಬಾಯಲ್ಲಿ ಅಂದುಕೊಳ್ಳುತ್ತಾ ಹೋದೆ: ಡಾಕ್ಟರಿಗೆ ತಂದೆ, ಡಾಕ್ಟರಿಗೆ ತಂದೆ.

ದೊಡ್ಡ ನರ್ಸ್ ಬಾಗಿಲಲ್ಲೇ ತಡೆದು, "ಇದು ಒಂದು ಸಲ ಪೇಷಂಟ್ ಹಾಸಿಗೆ ಮೇಲೆ ಬಿದ್ರೆ ಮತ್ತೆ ಮನೆಗೆ ಬಿಡೋ ಹಾಗಿಲ್ಲಮ್ಮ. ಕುದಿಸ್ತೀವಿ, ಕೊನೆಗೆ ಸುಟ್ಬಿಡ್ತೀವಿ. ಇಂಥದ್ದನ್ನ ಸುಡೋದಕ್ಕೆ ನನಗೇ ಮನಸ್ಸು ಬರಲ್ಲ. ಯೋಚ್ನೆ ಮಾಡಿ" ಎಂದರು. ನಾನು ಯೋಚನೆ ಮಾಡಿ ಬಂದಿದ್ದೇನೆ ಎಂದೆ. ನಿಜವಾಗಿಯೂ ಮಾಡಿದ್ದೆ. ಅವಳಿಗೆ ಬೇಕಾದರೆ ಮನೆಯನ್ನೇ ಸುಡಲಿ.

ಕಿಜ್ಜಿ ಇಳಿದುಹೋಗಿದ್ದಾಳೆ ಅಕ್ಕಾ. ಮಣಿಕಟ್ಟು ನಿನ್ನ ಬೆತ್ತದಷ್ಟು. ಆದರೂ ನನ್ನನ್ನು ಕಂಡು ನಕ್ಕಳು. ನಾನು ಗಂಟು ಬಿಚ್ಚಿ ಮಡಿಲಲ್ಲೇ ಹರವಿದೆ. ಬೆಳಕು ಪಕ್ಕದಿಂದ ಬೀಳುತ್ತಿತ್ತು, ಗರಿಗಳೆಲ್ಲ ಎದ್ದು ನಿಂತವು. ವಿನ್ನಿ ತಲೆ ಎತ್ತಿ, "ಅಯ್ಯಪ್ಪಾ, ಇದನ್ನ ಕೈಯಲ್ಲೇ ಹೊಲ್ದಿದ್ದಾ? ಮೆಷಿನ್ ಇಲ್ದೆ? ಆ ಹೆಂಗ್ಸಿಗೆ ಬೇರೆ ಕೆಲ್ಸ ಇರ್ಲಿಲ್ವಾ?" ಎಂದಳು.

"ಡಾಕ್ಟ್ರಿಗೆ ಅಂತ ತಂದೆ" ಎಂದೆ. ಗಟ್ಟಿಯಾಗೇ ಹೇಳಿದೆ. ಮುಖ ಹೇಗಿಟ್ಟುಕೊಂಡಿದ್ದೆನೋ ತಿಳಿಯದು.

ಅವಳು ನನ್ನ ಮುಖವನ್ನು ನೋಡಿದಳು. ಕೌದಿಯನ್ನಲ್ಲ, ನನ್ನ ಮುಖವನ್ನು. ಆಮೇಲೆ ಕೈ ಚಾಚಿ ಅಂಚಿನ ಹುರಿಯ ಮೇಲೆ ಬೆರಳಿಟ್ಟು, ನಿಧಾನವಾಗಿ ಒಂದು ಗೇಣಿನಷ್ಟು ಎಳೆದಳು. ಅಲ್ಲಿಗೇ ನಿಲ್ಲಿಸಿದಳು. ಬಿಸಿ ಪಾತ್ರೆ ಮುಟ್ಟಿ ನೋಡಿದವಳ ಹಾಗೆ ಕೈ ವಾಪಸ್ಸು ಕಂಬಳಿಯೊಳಗೆ ಹೋಯಿತು.

"ಚೆನ್ನಾಗಿದೆ. ಮಡಿಚಿಡಮ್ಮ" ಎಂದಳು. "ಈಗ್ಲೇ ಬೇಡ."

ವಿನ್ನಿ, "ಏನೇ, ಅಷ್ಟು ದೂರದಿಂದ ಹೊತ್ಕೊಂಡು ಬಂದಿದ್ದಾರೆ. ನಿಂಗೆ ಬೇಡ ಅಂದ್ರೆ ನಂಗೆ ಹಾಸ್ಲಿ" ಎಂದಳು. ಅದಕ್ಕೆ ಕಿಜ್ಜಿ, "ನಿಂಗೂ ಬೇಡ ಬಿಡೆ" ಎಂದ ದನಿ ಕೇಳಿ ಆ ಹುಡುಗಿ ಕಂಬಳಿಯನ್ನು ಗಲ್ಲದವರೆಗೆ ಎಳೆದುಕೊಂಡಳು.

ನಾನು ಮಡಿಚಿದೆ. ಅಂಚಿಗೆ ಅಂಚು ಸೇರುತ್ತಿರಲಿಲ್ಲ. ಕಿಜ್ಜಿಯೇ, "ಆ ಕಡೆ ಎಳಿ, ಇನ್ನೂ ಸ್ವಲ್ಪ, ಹಾಂ" ಎಂದು ಹೇಳಿಕೊಟ್ಟಳು.

ನನ್ನನ್ನು ಸಮಾಧಾನ ಮಾಡಲು ಬರೆಯಬೇಡ. ಅಟ್ಟಕ್ಕೆ ಮತ್ತೆ ಇಡಲು ಮನಸ್ಸು ಬರಲಿಲ್ಲ, ಕುರ್ಚಿಯ ಮೇಲೆ ಇದೆ. ಬೆಳಗ್ಗೆ ಎದ್ದು ಅದನ್ನು ನೋಡಿದಾಗಲೆಲ್ಲ ಯಾರೋ ಬಂದು ಕೂತಿದ್ದಾರೆ ಅನ್ನಿಸುತ್ತದೆ. ಬುಧವಾರ ಚಾಪೆಲ್‌ನಲ್ಲಿ ಅವಳ ಹೆಸರು ಹಿಡಿದು, "ನಿನ್ನ ಚಿತ್ತದಂತೆ ಆಗಲಿ" ಎಂದರು. ಎಲ್ಲರೂ ಆಮೆನ್ ಎಂದರು. ನನ್ನ ನಾಲಿಗೆ ಏಳಲಿಲ್ಲ. ಐವತ್ತು ವರ್ಷ ಹೇಳಿದ ಮಾತು ಅಕ್ಕಾ.

ಡೆಬ್


ರೂಕ್‌ಹೋಪ್
25 ಜನವರಿ 1932

ಕಿಜ್ಜಿ ಕೂಸೇ,

ಲೆಟ್ಟಿಗೆ ಗಂಡು ಮಗು. ಇಬ್ಬರೂ ಕ್ಷೇಮ. ನಿನ್ನ ದೊಡ್ಡಮ್ಮ ಬರೆದಿದ್ದಾಳೆ: ನೋವು ಬಂದಾಗ ಆ ಗುಲಾಬಿ ಸ್ಯಾಟಿನ್ ಮೂರು ಸಲ ಜಾರಿ ಬಿದ್ದು, ಕೊನೆಗೆ ಅಳಿಯನ ಹಳೆಯ ಕೋಟು ಹೊದಿಸಿದರಂತೆ. ಮಗುವಿಗೆ ಸೈಲಸ್ ಎಂದು ಹೆಸರಿಡುತ್ತಾರಂತೆ. ಮುಖ ಹಿಟ್ಟಿನ ಉಂಡೆಯ ಹಾಗಿದೆ, ಆದರೂ ನಮ್ಮದಲ್ಲವಾ ಎಂದಿದ್ದಾಳೆ.

ಹಿಮ ಬಹಳ. ಚಾಪೆಲ್‌ಗೆ ಹೋಗುವ ದಾರಿಯನ್ನು ಗುದ್ದಲಿಯಿಂದ ಬಿಡಿಸಬೇಕಾಯಿತು. ಕಂದು ಕೋಳಿ ಚಳಿಗೆ ಮೊಟ್ಟೆ ನಿಲ್ಲಿಸಿದೆ. ಫೆಬ್ರವರಿಯ ಶನಿವಾರಕ್ಕೆ ಬಸ್ಸು ಓಡಿದರೆ ಬರುತ್ತೇನೆ, ಓಡದಿದ್ದರೆ ಬೇಜಾರು ಮಾಡಿಕೊಳ್ಳಬೇಡ.

ಬೇರೆ ಏನು ಬರೆಯಲಿ. ನಿನ್ನ ಏಪ್ರನ್ನುಗಳಿಗೆ ಮತ್ತೊಮ್ಮೆ ಇಸ್ತ್ರಿ ಹಾಕಿದೆ.

ಅಮ್ಮ


ಸ್ಯಾನಟೋರಿಯಂ
29 ಫೆಬ್ರವರಿ 1932

ಅಮ್ಮಾ,

ವಿನ್ನಿಯ ಕೈಯಲ್ಲಿ ಬರೆಸುತ್ತಿದ್ದೇನೆ, ಅಕ್ಷರ ನೋಡಿ ಗಾಬರಿಯಾಗಬೇಡ. ಅವಳಿಗೆ ಸ್ಪೆಲ್ಲಿಂಗ್ ಬರುವುದಿಲ್ಲ. (ಬರುತ್ತದೆ. ಸುಳ್ಳು ಹೇಳುತ್ತಾಳೆ. ವಿನ್ನಿ.)

ಹಿಮದಲ್ಲಿ ಬಸ್ಸು ನಿಂತದ್ದು ನಿನ್ನ ತಪ್ಪಲ್ಲ. ಅದನ್ನೇ ಹಿಡಿದುಕೊಂಡು ಕೂರಬೇಡ. ಸೈಲಸ್ ಎಂದರೆ ನನಗೆ ಇಷ್ಟವಾಯಿತು. ಲೆಟ್ಟಿಗೆ ಹೇಳು.

ಹೋದ ವಾರ ನನ್ನನ್ನು ವರಾಂಡದಿಂದ ತೆಗೆದು ಕೊನೆಯ ಸಣ್ಣ ಕೋಣೆಗೆ ಹಾಕಿದ್ದಾರೆ. ಇಲ್ಲಿ ನಾಲ್ಕೂ ಕಡೆ ಗೋಡೆ, ಕಿಟಕಿ ಮುಚ್ಚಿರುತ್ತದೆ, ಒಲೆ ಉರಿಸುತ್ತಾರೆ. ಈ ಕೋಣೆಗೆ ಯಾಕೆ ತರುತ್ತಾರೆ ಅಂತ ವರಾಂಡದಲ್ಲಿ ಎಲ್ಲರಿಗೂ ಗೊತ್ತು. ಈಗ ತೂಗುವುದಿಲ್ಲ. ವಿನ್ನಿಯನ್ನು ದಿನಕ್ಕೆ ಒಂದು ಸಲ ಬಿಡುತ್ತಾರೆ, ಅವಳು ಬಂದು ನಿನ್ನ ಕೋಳಿಗಳ ಹಾಗೆ ನಡೆದು ತೋರಿಸುತ್ತಾಳೆ.

ಶನಿವಾರ ಬರುವಾಗ ಅದನ್ನು ತಾ. ಚಳಿಗಲ್ಲ.

ನಿನ್ನ
ಕಿಜ್ಜಿ


ರೂಕ್‌ಹೋಪ್
ಬುಧವಾರ, 2 ಮಾರ್ಚ್ 1932

ನನ್ನ ಕೂಸೇ,

ತರುತ್ತೇನೆ.

ಹಿಮ ಕರಗಿದೆ. ಬಸ್ಸು ಓಡುತ್ತಿದೆ, ಅಂಚೆಯವನನ್ನು ಕೇಳಿದೆ. ಓಡದಿದ್ದರೆ ನಡೆದು ಬರುತ್ತೇನೆ. ನಿನ್ನ ದೊಡ್ಡಮ್ಮನಿಗೂ ಹೇಳಿ ಕಳಿಸಿದ್ದೇನೆ, ಅವಳೂ ಬರುತ್ತಾಳೆ. ದೊಡ್ಡ ನರ್ಸ್‌ಗೆ ಬೇರೆ ಕಾಗದ ಬರೆದು, ಶನಿವಾರ ಘಂಟೆ ಹೊಡೆದರೂ ನಾನು ಏಳುವುದಿಲ್ಲ ಎಂದು ತಿಳಿಸಿದ್ದೇನೆ.

ನಿನಗೆ ಧೈರ್ಯ ಹೇಳುವ ಮಾತು ಹುಡುಕುತ್ತಾ ಬೆಳಗಿನಿಂದ ಕೂತಿದ್ದೇನೆ. ಚಾಪೆಲ್‌ನಲ್ಲಿ ಕಲಿತದ್ದು ಯಾವುದೂ ಕೈಗೆ ಬರುತ್ತಿಲ್ಲ. ಮೇಲಿರುವವನು ಇದ್ದಾನೆ ಎಂದು ನಂಬಿದ್ದೇನೆ. ಇದ್ದೂ ಹೀಗೆ ಮಾಡಿದ ಎಂಬುದನ್ನು ಏನು ಮಾಡಬೇಕೋ ತಿಳಿಯುತ್ತಿಲ್ಲ.

ಕೌದಿಯನ್ನು ಒಲೆಯ ಮುಂದೆ ಹರವಿದ್ದೇನೆ. ಮೊದಲು ಒಂದು ಮಗ್ಗುಲು, ಆಮೇಲೆ ಇನ್ನೊಂದು, ಹೊರಳಿಸಿ ಹೊರಳಿಸಿ ಕಾಯಿಸುತ್ತಿದ್ದೇನೆ. ಶನಿವಾರ ಬೆಳಗ್ಗೆಯೂ ಹೊರಡುವ ಮುಂಚೆ ಹೀಗೇ ಕಾಯಿಸುತ್ತೇನೆ. ಬಸ್ಸಿನಲ್ಲಿ ನಿನ್ನ ಹತ್ತಿರ ಬರುವಷ್ಟರಲ್ಲಿ ಆರಿಹೋಗುತ್ತದೆ ಎಂದು ನನಗೆ ಗೊತ್ತು.

ಅಮ್ಮ